ಅರಳೆಯ ಬೆನ್ನು ಹತ್ತಿದ ಓದು



ಎರಡು ವರ್ಷದ ಹಿಂದೆ ನಮ್ಮ ಓಣಿಯ ಗೃಹಸ್ಥರೊಬ್ಬರು ಸಂಜೆ ಹೊತ್ತಿನಲ್ಲಿ ಮನೆಗೆ ಬಂದರು. ಮುಖದಲ್ಲಿ ಕಳವಳವಿತ್ತು. ಅವರ ಮಗಳು ವಿದ್ಯಾರ್ಥಿವೇತನ ಪಡೆದು ಅಮೆರಿಕದ ಕಾಲೇಜೊಂದರಲ್ಲಿ ಪದವಿ ಓದುತ್ತಿದ್ದಳು. ಅರ್ಥಶಾಸ್ತ್ರ ಹಿಡಿಯುತ್ತಾಳೆಂದು ಮನೆಯವರೆಲ್ಲ ತಿಳಿದಿದ್ದರು. ಹಿಂದಿನ ರಾತ್ರಿ ಆಕೆ ಫೋನ್ ಮಾಡಿ, ತಾನು ಆರಿಸಿಕೊಂಡ ಮುಖ್ಯ ವಿಷಯ ‘ಅಮೆರಿಕನ್ ಸ್ಟಡೀಸ್’ ಎಂದು ತಿಳಿಸಿದ್ದಳು.

“ಸರ್, ಅಮೆರಿಕಾಕ್ಕ ಹೋಗಿ ಅಮೆರಿಕಾನ ಓದತೀನಿ ಅಂತಾಳ್ರಿ. ಹಂಗಂದ್ರ ಏನ್ರಿ ಅದು? ಇತಿಹಾಸ ಅನ್ರಿ, ಸಾಹಿತ್ಯ ಅನ್ರಿ, ಏನಾರ ಒಂದು ಹೆಸರು ಬೇಕಲ್ರಿ ಅದಕ್ಕ?”

ಆ ಸಂಜೆ ನಾನು ಏನೋ ಒಂದು ಉತ್ತರ ಕೊಟ್ಟೆ. ಅವರಿಗೆ ಅದು ಹಿಡಿಸಲಿಲ್ಲ, ನನಗೂ ಸಮಾಧಾನವಾಗಲಿಲ್ಲ. ಮೂವತ್ತು ವರ್ಷ ಅಮೆರಿಕದ ಸಾಹಿತ್ಯವನ್ನು ಪಾಠ ಮಾಡಿದವನು ನಾನು. ಆ ತಂದೆಗೆ ಉಳಿಸಿಕೊಂಡ ಬಾಕಿಯನ್ನು ಇಂದು ನಿಮ್ಮೆದುರು ತೀರಿಸಬೇಕೆಂದಿದ್ದೇನೆ.

ಅಲ್ಲಿಯ ಪದವಿ ಶಿಕ್ಷಣ ನಾಲ್ಕು ವರ್ಷದ್ದು. ಮೊದಲೆರಡು ವರ್ಷ ವಿದ್ಯಾರ್ಥಿಗಳು ವಿಜ್ಞಾನ, ಭಾಷೆ, ತತ್ವಶಾಸ್ತ್ರ ಎಂದು ನಾಲ್ಕಾರು ಕಡೆ ಕೈಯಾಡಿಸಿ, ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಒಂದು ಮುಖ್ಯ ವಿಷಯವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅದಕ್ಕೆ ‘ಮೇಜರ್’ ಎಂದು ಹೆಸರು. ಅಮೆರಿಕನ್ ಸ್ಟಡೀಸ್ ಹಿಡಿದವರು ಇತಿಹಾಸ ವಿಭಾಗದಲ್ಲಿ ಒಂದೆರಡು ಕೋರ್ಸು ಓದುತ್ತಾರೆ, ಇಂಗ್ಲಿಷ್ ವಿಭಾಗದಲ್ಲಿ ಒಂದೆರಡು; ಸಮಾಜಶಾಸ್ತ್ರ, ಮಾನವಶಾಸ್ತ್ರ, ಕಲಾ ಇತಿಹಾಸ, ಸಂಗೀತದ ತರಗತಿಗಳಲ್ಲೂ ಕೂರುತ್ತಾರೆ. ಕೊನೆಯ ವರ್ಷ ಅನೇಕ ಕಡೆ ಒಂದು ದೀರ್ಘ ಪ್ರಬಂಧ ಬರೆಯಬೇಕು. ದೂರದಿಂದ ನೋಡಿದವರಿಗೆ ಇದು ಕಲಸುಮೇಲೋಗರ. ಆದರೆ ಒಳ್ಳೆಯ ಅಧ್ಯಾಪಕರ ಕೈಯಲ್ಲಿ ಈ ಓದು ವಿಭಾಗದಿಂದ ಶುರುವಾಗುವುದಿಲ್ಲ, ಒಂದು ವಸ್ತುವಿನಿಂದ ಶುರುವಾಗುತ್ತದೆ. ವಸ್ತು ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗಬೇಕು. ದಾರಿಯಲ್ಲಿ ಯಾವ ವಿಭಾಗದ ಹೊಸ್ತಿಲು ಬಂದರೂ ದಾಟಬೇಕು.

ಧಾರವಾಡದ ಸಭೆಯಲ್ಲಿ ಅಂಥ ವಸ್ತುವಿಗಾಗಿ ಹುಡುಕಾಡಬೇಕಿಲ್ಲ. ಹತ್ತಿಯನ್ನೇ ಹಿಡಿಯೋಣ.

ಅಮೆರಿಕದ ದಕ್ಷಿಣ ಸೀಮೆಯ ಒಳನಾಡಿನಲ್ಲಿ ಬೆಳೆಯುವ ಹತ್ತಿಗೆ ಒಂದು ಗುಣವಿದೆ. ಅದರ ಅರಳೆ ಕಾಳನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಕಡಲಂಚಿನ ದ್ವೀಪಗಳಲ್ಲಿ ಬೆಳೆಯುತ್ತಿದ್ದ ಉದ್ದ ಎಳೆಯ ಹತ್ತಿಯ ಕಾಳು ನುಣುಪು. ಎರಡು ಉರುಳೆಗಳ ನಡುವೆ ಹಾಯಿಸಿದರೆ ಅರಳೆ ಅತ್ತ, ಕಾಳು ಇತ್ತ. ಒಳನಾಡಿನ ಹತ್ತಿ ಇದಕ್ಕೆ ಬಗ್ಗುತ್ತಿರಲಿಲ್ಲ. ಒಬ್ಬ ಆಳು ದಿನವಿಡೀ ಕೂತು ಬೆರಳಿನಿಂದ ಬೇರ್ಪಡಿಸಿದರೆ ಒಂದು ಪೌಂಡಿನಷ್ಟು ಅರಳೆ. ೧೭೯೩ರಲ್ಲಿ ಎಲಿ ವಿಟ್ನಿ ಎಂಬ ತರುಣ ಒಂದು ಯಂತ್ರ ಮಾಡಿದ. ತಿರುಗುವ ದಿಂಡಿನ ತುಂಬ ತಂತಿಯ ಹಲ್ಲುಗಳು, ಅದರ ಎದುರಿಗೆ ಕಿರಿದಾದ ಸೀಳುಗಳ ತಡೆ. ಹಲ್ಲು ಅರಳೆಯನ್ನು ಸೀಳಿನೊಳಗಿಂದ ಎಳೆದುಕೊಳ್ಳುತ್ತದೆ, ಕಾಳು ಹಾಯಲಾರದೆ ಹಿಂದೆ ಉಳಿಯುತ್ತದೆ. ಒಂದು ಪೌಂಡಿನ ಜಾಗದಲ್ಲಿ ಐವತ್ತು ಪೌಂಡ್. ಮರುವರ್ಷ ಪೇಟೆಂಟೂ ಸಿಕ್ಕಿತು. ತಂತ್ರಜ್ಞಾನದ ಇತಿಹಾಸ ಓದುವವರು ಇಲ್ಲಿಗೆ ಪುಟ ಮಗುಚಬಹುದು.

ಯಂತ್ರ ಬಂದರೆ ದುಡಿಯುವವರ ಭಾರ ಇಳಿಯಬೇಕು. ಇಲ್ಲಿ ಭಾರ ಏರಿತು. ಕಾಳು ಬೇರ್ಪಡಿಸುವುದು ಸಲೀಸಾದ ಕೂಡಲೇ ಬಿತ್ತುವ, ಕಳೆ ತೆಗೆಯುವ, ಹತ್ತಿ ಬಿಡಿಸುವ ಕೈಗಳಿಗೆ ಬೇಡಿಕೆ ಬಂತು, ಹೊಸ ನೆಲಕ್ಕೆ ಬೇಡಿಕೆ ಬಂತು. ೧೭೯೦ರ ಜನಗಣತಿಯಲ್ಲಿ ಆ ದೇಶದ ಗುಲಾಮರ ಸಂಖ್ಯೆ ಸುಮಾರು ೭ ಲಕ್ಷ. ೧೮೬೦ರಲ್ಲಿ ೩೯ ಲಕ್ಷಕ್ಕೂ ಮೇಲೆ. ೧೮೦೮ರಿಂದ ಆಫ್ರಿಕದಿಂದ ಹೊಸದಾಗಿ ಜನರನ್ನು ತರುವುದಕ್ಕೆ ಕಾನೂನಿನ ತಡೆ ಬಿದ್ದಿದ್ದರಿಂದ ಒಳಗೊಳಗೇ ಮಾರಾಟ ಬೆಳೆಯಿತು. ವರ್ಜೀನಿಯಾ, ಮೇರಿಲ್ಯಾಂಡ್‌ಗಳಿಂದ ಅಲಬಾಮಾ, ಮಿಸಿಸಿಪಿಗಳ ಹತ್ತಿ ಹೊಲಗಳಿಗೆ ಸುಮಾರು ೧೦ ಲಕ್ಷ ಜನರನ್ನು ಸಾಗಿಸಿದರು. ತಾಯಿ ಒಂದು ಕಡೆ, ಮಗು ಒಂದು ಕಡೆ. ಈ ಅಂಕಿಯನ್ನು ಕೊಡುವುದು ಅರ್ಥಶಾಸ್ತ್ರ. ಅದನ್ನು ಕೇಳಿ ಸುಮ್ಮನೆ ಮುಂದಕ್ಕೆ ಹೋಗಲಾಗದಂತೆ ಮಾಡುವುದಕ್ಕೆ ಬೇರೆ ವಿದ್ಯೆಗಳು ಬೇಕು.

ಹೊಸ ನೆಲ ಎಲ್ಲಿಂದ ಬಂತು? ಅಲ್ಲಿ ಚೆರೋಕೀ, ಕ್ರೀಕ್, ಚಾಕ್ಟಾ, ಚಿಕಸಾ ಜನರ ಊರುಗಳಿದ್ದವು. ಚೆರೋಕೀಗಳ ಸಂಗತಿಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು. ಓದುಬರಹ ಬಾರದ ಸಿಕ್ವೋಯ ಎಂಬ ಒಬ್ಬನೇ ಮನುಷ್ಯ ತನ್ನ ನುಡಿಗೆ ಅಕ್ಷರಮಾಲೆ ಕಟ್ಟಿ ೧೮೨೧ರಲ್ಲಿ ಜನರ ಮುಂದಿಟ್ಟ. ನಮ್ಮ ಕಾಗುಣಿತದಂತೆ ಒಂದೊಂದು ಉಚ್ಚಾರಕ್ಕೆ ಒಂದೊಂದು ಗುರುತು. ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಓದಲು ಕಲಿತರು. ೧೮೨೮ರಲ್ಲಿ ‘ಚೆರೋಕೀ ಫೀನಿಕ್ಸ್’ ಪತ್ರಿಕೆ ಎರಡು ಭಾಷೆಗಳಲ್ಲಿ ಹೊರಟಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹುಟ್ಟಿದ್ದು ೧೮೪೩ರಲ್ಲಿ ಎಂಬುದನ್ನು ನೆನೆದರೆ ಆ ಜನ ಎಷ್ಟು ಮುಂದಿದ್ದರೆಂಬುದು ತಿಳಿದೀತು. ಆ ಪತ್ರಿಕೆ ಹೊರಟ ಎರಡೇ ವರ್ಷಕ್ಕೆ, ೧೮೩೦ರಲ್ಲಿ, ಅವರನ್ನೆಲ್ಲ ಮಿಸಿಸಿಪಿ ನದಿಯ ಆಚೆಗೆ ಕಳಿಸುವ ಕಾನೂನು ಬಂತು. ೧೮೩೮ರಲ್ಲಿ ಸೈನ್ಯ ಬಂದು ಚೆರೋಕೀಗಳನ್ನು ಎಬ್ಬಿಸಿತು. ಹೊರಟವರು ಸುಮಾರು ೧೬ ಸಾವಿರ, ಸತ್ತವರು ೪ ಸಾವಿರದಷ್ಟು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಹತ್ತಿಯ ಕಥೆ ಹೇಳುವವರು ಈ ಲಿಪಿಯನ್ನು ಬಿಟ್ಟು ಹೇಳಿದರೆ ನೆಲ ಖಾಲಿ ಬಿದ್ದಿತ್ತೆಂದೇ ಕೇಳುವವರು ತಿಳಿಯುತ್ತಾರೆ.

ಈಗ ಅಂಡಿಗೆ ಕಟ್ಟಿ ಉತ್ತರಕ್ಕೆ ಹೋಗೋಣ. ಮ್ಯಾಸಚುಸೆಟ್ಸ್‌ನ ಮೆರಿಮ್ಯಾಕ್ ನದಿಯ ದಂಡೆಯಲ್ಲಿ ೧೮೨೦ರ ದಶಕದಲ್ಲಿ ಲೋವೆಲ್ ಎಂಬ ಗಿರಣಿ ಊರು ಎದ್ದಿತು. ಸುತ್ತಲಿನ ಒಕ್ಕಲು ಮನೆಗಳ ಹೆಣ್ಣುಮಕ್ಕಳು ಬಂದು ಕಂಪನಿಯ ವಸತಿಗೃಹಗಳಲ್ಲಿ ಇದ್ದು ದುಡಿದರು. ಗಂಟೆ ಹೊಡೆದಾಗ ಏಳಬೇಕು, ಗಂಟೆ ಹೊಡೆದಾಗ ಉಣ್ಣಬೇಕು. ದಿನಕ್ಕೆ ಹನ್ನೆರಡು ತಾಸಿಗೂ ಮೇಲೆ ಕೆಲಸ. ಅವರಲ್ಲೊಬ್ಬಳು ಲೂಸಿ ಲಾರ್ಕಮ್, ಹನ್ನೊಂದರ ಆಸುಪಾಸಿನಲ್ಲೇ ಗಿರಣಿ ಸೇರಿದವಳು. ಕೆಲಸದ ಹೊತ್ತಿನಲ್ಲಿ ಪುಸ್ತಕ ಹಿಡಿಯಲು ಅಪ್ಪಣೆ ಇರಲಿಲ್ಲ. ಆಕೆ ಪತ್ರಿಕೆಗಳಲ್ಲಿ ಬಂದ ಕವಿತೆಗಳನ್ನು ಕತ್ತರಿಸಿ ತನ್ನ ಜಾಗದ ಕಿಟಕಿಯ ಬದಿಗೆ ಅಂಟಿಸಿಕೊಂಡು ಕೆಲಸದ ನಡುನಡುವೆ ಓದುತ್ತಿದ್ದಳು. ಗಿರಣಿಯ ಹೆಣ್ಣುಮಕ್ಕಳೇ ಬರೆದ ‘ಲೋವೆಲ್ ಆಫರಿಂಗ್’ ಎಂಬ ಮಾಸಿಕ ೧೮೪೦ರಿಂದ ೧೮೪೫ರವರೆಗೆ ನಡೆಯಿತು. ಆ ಹುಡುಗಿಯರೇ ೧೮೩೪ರಲ್ಲಿ, ೧೮೩೬ರಲ್ಲಿ ಕೆಲಸ ನಿಲ್ಲಿಸಿ ಬೀದಿಗಿಳಿದರು.

ಅವರು ನೂತ ಹತ್ತಿ ಗುಲಾಮರು ಬಿಡಿಸಿದ ಹತ್ತಿ. ಕಥೆ ಅಲ್ಲಿಗೂ ನಿಲ್ಲುವುದಿಲ್ಲ. ನ್ಯೂ ಇಂಗ್ಲೆಂಡಿನ ಗಿರಣಿಗಳಿಂದ ಒಂದು ಬಗೆಯ ಒರಟು ಅಗ್ಗದ ಬಟ್ಟೆ ಮರಳಿ ದಕ್ಷಿಣಕ್ಕೆ ಹೋಗುತ್ತಿತ್ತು. ಮಾಲೀಕರು ಅದನ್ನು ಗುಲಾಮರ ಮೈಮೇಲಿನ ಬಟ್ಟೆಗೆಂದು ಕೊಳ್ಳುತ್ತಿದ್ದರು. ೧೯೩೬ರಿಂದ ೧೯೩೮ರವರೆಗೆ ಸರ್ಕಾರದ ಬರಹಗಾರರ ಯೋಜನೆಯೊಂದು ಬದುಕುಳಿದಿದ್ದ ಮಾಜಿ ಗುಲಾಮರನ್ನು ಹುಡುಕಿ ಹೋಗಿ ೨೩೦೦ಕ್ಕೂ ಹೆಚ್ಚು ಜನರ ಮಾತನ್ನು ಬರೆದುಕೊಂಡಿತು. ಅವುಗಳಲ್ಲಿ ಮುದುಕರು ಮುದುಕಿಯರು ತಮ್ಮ ಬಾಲ್ಯದ ಅಂಗಿಯ ಬಟ್ಟೆಯನ್ನು ಮತ್ತೆಮತ್ತೆ ಒಂದೇ ಹೆಸರಿನಿಂದ ಕರೆಯುತ್ತಾರೆ: ಲೋವೆಲ್. ಊರಿನ ಹೆಸರೇ ಬಟ್ಟೆಯ ಹೆಸರಾಗಿತ್ತು. ಇವರು ಬಿಡಿಸಿದ ಹತ್ತಿಯೇ ಸಾವಿರ ಮೈಲಿ ಹೋಗಿ, ಅಲ್ಲಿ ಕಿಟಕಿಗೆ ಕವಿತೆ ಅಂಟಿಸಿಕೊಂಡ ಹುಡುಗಿಯರ ಕೈ ಹಾಯ್ದು, ಇವರ ಬೆನ್ನಿಗೇ ಅಂಗಿಯಾಗಿ ಬರುತ್ತಿತ್ತು. ಇದನ್ನು ಯಾವ ವಿಭಾಗದಲ್ಲಿ ಪಾಠ ಮಾಡುತ್ತೀರಿ? ಕಾರ್ಮಿಕರ ಇತಿಹಾಸವೆಂದು ಓದಿದರೆ ಗಿರಣಿ ಹುಡುಗಿಯರ ಧೈರ್ಯ ಕಾಣುತ್ತದೆ, ಅವರ ಮಗ್ಗಕ್ಕೆ ಹತ್ತಿ ಎಲ್ಲಿಂದ ಬಂತೆಂಬುದು ಕಾಣುವುದಿಲ್ಲ. ಗುಲಾಮಗಿರಿಯ ಇತಿಹಾಸವೆಂದು ಓದಿದರೆ ದಕ್ಷಿಣ ಮಾತ್ರ ಅಪರಾಧಿ, ಉತ್ತರ ನಿರಪರಾಧಿ. ಆ ಮುದುಕರ ಮಾತನ್ನಾದರೂ ಹೇಗೆ ನಂಬುವುದು? ಬರೆದುಕೊಂಡವರಲ್ಲಿ ಬಹುಪಾಲು ಬಿಳಿಯರು. ಊರಿನ ಬಿಳಿಯ ದೊರೆಸಾನಿ ಎದುರಿಗೆ ಕೂತು ಕೇಳಿದರೆ ಎಂಬತ್ತೈದರ ಮುದುಕ ಎಷ್ಟು ಹೇಳಿಯಾನು, ಎಷ್ಟು ನುಂಗಿಕೊಂಡಾನು? ಇಲ್ಲಿ ಜಾನಪದ ಬಲ್ಲವರ ಕಿವಿ ಬೇಕು. ಹೇಳದೆ ಬಿಟ್ಟಿದ್ದನ್ನು ಕೇಳಿಸಿಕೊಳ್ಳುವ ಕಿವಿ ಅದು.

ಇನ್ನೊಂದು ಅಂಗಿಯ ಮಾತು ಹೇಳಿ ಮುಂದೆ ಹೋಗುತ್ತೇನೆ. ಗುಲಾಮಗಿರಿಯಲ್ಲಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ ೧೯೦೧ರ ತಮ್ಮ ಆತ್ಮಕಥೆಯಲ್ಲಿ ಬಾಲ್ಯದ ಒಂದು ಸಂಗತಿ ಬರೆದಿದ್ದಾರೆ. ಅವರಿಗೆ ಸಿಗುತ್ತಿದ್ದುದು ಅಗಸೆ ನಾರಿನ ಅತಿ ಒರಟು ಅಂಗಿ. ಹೊಸದನ್ನು ತೊಟ್ಟರೆ ಮೈಗೆಲ್ಲ ಮುಳ್ಳು ಚುಚ್ಚಿದ ಹಾಗೆ. ಅಣ್ಣ ಜಾನ್ ತಮ್ಮನ ಹೊಸ ಅಂಗಿಯನ್ನು ತಾನು ಕೆಲವು ದಿನ ತೊಟ್ಟು, ಮುಳ್ಳು ಸವೆಯಿಸಿ, ಆಮೇಲೆ ತಮ್ಮನಿಗೆ ಕೊಡುತ್ತಿದ್ದ. ಆ ಅಣ್ಣನ ಪ್ರೀತಿ ಯಾವ ಅಂಕಿಅಂಶದ ಪಟ್ಟಿಯಲ್ಲೂ ಸಿಗದು. ಸಾಹಿತ್ಯ ಈ ಓದಿನಲ್ಲಿ ಅಲಂಕಾರಕ್ಕೆ ಬಂದದ್ದಲ್ಲ ಎಂದು ನಾನು ಹೇಳುವುದು ಇದಕ್ಕೇ.

ಅಮೆರಿಕನ್ ಸ್ಟಡೀಸ್ ಎಂಬ ಈ ಶಾಸ್ತ್ರದ ಇತಿಹಾಸ ಹೇಳುವವರು ಸಾಮಾನ್ಯವಾಗಿ ವರ್ನನ್ ಪ್ಯಾರಿಂಗ್ಟನ್‌ನಿಂದ ಶುರುಮಾಡುತ್ತಾರೆ. ೧೯೨೭ರಲ್ಲಿ ಬಂದ ಆತನ ಗ್ರಂಥ ಅಮೆರಿಕದ ಸಾಹಿತ್ಯವನ್ನೂ ರಾಜಕೀಯ ಚಿಂತನೆಯನ್ನೂ ಒಂದೇ ಹೊಳೆಯಾಗಿ ಹರಿಸಿತು. ಹಾರ್ವರ್ಡ್ ೧೯೩೭ರಲ್ಲಿ ಅಮೆರಿಕನ್ ನಾಗರಿಕತೆಯಲ್ಲಿ ಪಿಎಚ್.ಡಿ. ಶುರುಮಾಡಿತು. ೧೯೪೯ರಲ್ಲಿ ‘ಅಮೆರಿಕನ್ ಕ್ವಾರ್ಟರ್ಲಿ’ ಪತ್ರಿಕೆ, ೧೯೫೧ರಲ್ಲಿ ವಿದ್ವಾಂಸರ ಸಂಘ. ಇವೆಲ್ಲ ನಿಜ. ಆದರೆ ನನ್ನ ಮನಸ್ಸಿನಲ್ಲಿ ಈ ಶಾಸ್ತ್ರದ ಆದ್ಯರು ಡಬ್ಲ್ಯು. ಇ. ಬಿ. ಡು ಬಾಯ್ಸ್. ಅವರು ೧೮೯೫ರಲ್ಲಿ ಹಾರ್ವರ್ಡ್‌ನಿಂದ ಪಿಎಚ್.ಡಿ. ಪಡೆದ ಮೊದಲ ಕಪ್ಪು ವಿದ್ವಾಂಸರು. ೧೮೯೯ರಲ್ಲಿ ಫಿಲಡೆಲ್ಫಿಯಾದ ಕಪ್ಪು ಜನರ ಕೇರಿಯಲ್ಲಿ ಮನೆಮನೆ ಸುತ್ತಿ ಮಾಡಿದ ಅಧ್ಯಯನ ಪ್ರಕಟಿಸಿದರು. ೧೯೦೩ರ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ ಪುಸ್ತಕದ ಅಧ್ಯಾಯಗಳ ನೆತ್ತಿಯಲ್ಲಿ ಗುಲಾಮರ ಹಾಡುಗಳ ಸ್ವರಲಿಪಿಯನ್ನೇ ಅಚ್ಚು ಹಾಕಿಸಿದರು.

ಅವರ ಬದುಕಿನ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿದೆ. ೧೯೦೬ರಲ್ಲಿ ಅವರು ಅಲಬಾಮಾದ ಲೌಂಡ್ಸ್ ಕೌಂಟಿಯಲ್ಲಿ, ಹತ್ತಿ ಹೊಲಗಳ ನಡುವೆ, ಕಪ್ಪು ರೈತರ ಭೂಮಿ, ಸಾಲ, ಕೂಲಿಗಳ ಬಗ್ಗೆ ಸರ್ಕಾರದ ಕಾರ್ಮಿಕ ಇಲಾಖೆಗಾಗಿ ದೊಡ್ಡ ಸಮೀಕ್ಷೆ ನಡೆಸಿದರು. ಇಲಾಖೆ ಅದನ್ನು ಪ್ರಕಟಿಸಲಿಲ್ಲ, ಹಸ್ತಪ್ರತಿಯೇ ನಾಶವಾಯಿತು. ಡು ಬಾಯ್ಸ್ ಏನು ಮಾಡಿದರು? ೧೯೧೧ರಲ್ಲಿ ಕಾದಂಬರಿ ಬರೆದರು. ‘ದಿ ಕ್ವೆಸ್ಟ್ ಆಫ್ ದಿ ಸಿಲ್ವರ್ ಫ್ಲೀಸ್’ ಎಂದು ಅದರ ಹೆಸರು. ಆ ಬೆಳ್ಳಿಯ ತುಪ್ಪಳ ಹತ್ತಿಯೇ. ಜೋರಾ ಎಂಬ ಹುಡುಗಿ ಜವುಗು ನೆಲ ಹಸನು ಮಾಡಿ ಹತ್ತಿ ಬೆಳೆಯುವುದರಿಂದ ಹಿಡಿದು ಉತ್ತರದ ಪೇಟೆಯ ಧನಿಕರು, ರಾಜಧಾನಿಯ ರಾಜಕಾರಣಿಗಳವರೆಗೆ ಅದು ಒಂದೇ ದಾರದಲ್ಲಿ ಪೋಣಿಸಿಕೊಂಡು ಹೋಗುತ್ತದೆ. ಸಮಾಜಶಾಸ್ತ್ರವಾಗಿ ಹೇಳಲು ಬಿಡದ ಸತ್ಯವನ್ನು ಅವರು ಕಥೆಯಾಗಿ ಹೇಳಿದರು. ವಿಭಾಗಗಳ ಗೋಡೆ ದಾಟುವುದು ಅವರಿಗೆ ಪಠ್ಯಕ್ರಮದ ಹೊಸತನವಾಗಿರಲಿಲ್ಲ. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದನ್ನು ತಟ್ಟಲೇಬೇಕಾದವರ ದಾರಿ ಅದಾಗಿತ್ತು.

ಇಂಥವರನ್ನು ಈ ಶಾಸ್ತ್ರ ಬಹುಕಾಲ ತನ್ನವರೆಂದು ಎಣಿಸಲಿಲ್ಲ. ೧೯೪೦ರಲ್ಲಿ ಹಾರ್ವರ್ಡ್‌ನ ಆ ಹೊಸ ಪದವಿಯನ್ನು ಮೊದಲು ಪಡೆದ ಹೆನ್ರಿ ನ್ಯಾಶ್ ಸ್ಮಿತ್ ೧೯೫೦ರಲ್ಲಿ ‘ವರ್ಜಿನ್ ಲ್ಯಾಂಡ್’ ಬರೆದರು. ಪಶ್ಚಿಮದ ವಿಶಾಲ ನೆಲ ಅಮೆರಿಕನ್ನರ ಕಲ್ಪನೆಯಲ್ಲಿ ಹೇಗೆ ತೋಟವಾಗಿ ಅರಳಿತೆಂದು ಹೇಳುವ ಸೊಗಸಾದ ಪುಸ್ತಕ. ಲಿಯೋ ಮಾರ್ಕ್ಸ್ ೧೯೬೪ರಲ್ಲಿ ‘ದಿ ಮೆಷಿನ್ ಇನ್ ದಿ ಗಾರ್ಡನ್’ ಬರೆದರು. ೧೮೪೪ರ ಜುಲೈ ತಿಂಗಳ ಒಂದು ಬೆಳಿಗ್ಗೆ ಕಾಂಕರ್ಡ್‌ನ ಕಾಡಿನಂಚಿನಲ್ಲಿ ಕಾದಂಬರಿಕಾರ ಹಾಥಾರ್ನ್, ಎಲೆ, ಇರುವೆ, ನೆರಳು ಎಂದು ಕಂಡದ್ದನ್ನು ಟಿಪ್ಪಣಿ ಮಾಡುತ್ತ ಕೂತಿದ್ದಾಗ ರೈಲಿನ ಸಿಳ್ಳು ಕೇಳಿಬಂದ ಸಂಗತಿಯಿಂದ ಮಾರ್ಕ್ಸ್ ತಮ್ಮ ವಾದವನ್ನು ಬೆಳೆಸುತ್ತಾರೆ. ಎರಡನ್ನೂ ನಾನು ಪ್ರೀತಿಯಿಂದ ಓದಿದ್ದೇನೆ, ಪಾಠ ಮಾಡಿದ್ದೇನೆ. ಆದರೂ ಆ ನೆಲ ಕನ್ನೆನೆಲವಾಗಿರಲಿಲ್ಲ, ಅಲ್ಲಿ ಅಕ್ಷರಮಾಲೆ ಇದ್ದ ಜನರಿದ್ದರು. ಆ ತೋಟದಲ್ಲಿ ಸಂಬಳವಿಲ್ಲದೆ ಬಾಗಿದ ಬೆನ್ನುಗಳಿದ್ದವು. ಸ್ಮಿತ್ ತಮ್ಮ ಇಳಿವಯಸ್ಸಿನಲ್ಲಿ, ೧೯೮೬ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ, ತಮ್ಮ ಪುಸ್ತಕದ ಈ ಕುರುಡನ್ನು ತಾವೇ ಒಪ್ಪಿಕೊಂಡರು. ಹಿರಿಯ ವಿದ್ವಾಂಸರೊಬ್ಬರು ಹಾಗೆ ಬರೆದದ್ದನ್ನು ಓದಿದ ದಿನ ಅವರ ಮೇಲಿನ ಗೌರವ ನನಗೆ ಇಮ್ಮಡಿಯಾಯಿತು.

ಅಷ್ಟು ಹೊತ್ತಿಗೆ ವಿದ್ಯಾರ್ಥಿಗಳೇ ಈ ಶಾಸ್ತ್ರವನ್ನು ಬುಡದಿಂದ ಅಲುಗಿಸಿದ್ದರು. ೧೯೬೮ರ ನವೆಂಬರ್‌ನಿಂದ ೧೯೬೯ರ ಮಾರ್ಚ್‌ವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ಕಪ್ಪು, ಏಷ್ಯನ್, ಮೆಕ್ಸಿಕನ್, ಮೂಲನಿವಾಸಿ ವಿದ್ಯಾರ್ಥಿಗಳು ಒಂದಾಗಿ ಮುಷ್ಕರ ಹೂಡಿದರು. ನಮ್ಮ ಅಜ್ಜ ಅಜ್ಜಿಯರು ಪಠ್ಯದಲ್ಲಿ ಯಾಕಿಲ್ಲ ಎಂಬುದೇ ಅವರ ಕೇಳಿಕೆಯ ತಿರುಳು. ಇಂದು ಅಮೆರಿಕನ್ ಸ್ಟಡೀಸ್ ತರಗತಿಯಲ್ಲಿ ಗಡಿ, ವಲಸೆ, ಜನಾಂಗ, ಹೆಣ್ಣಿನ ದುಡಿಮೆ ಇವೆಲ್ಲ ನಡುಮನೆಯಲ್ಲಿ ಕೂತಿದ್ದರೆ ಅದರ ಹಿಂದೆ ಆ ಮಕ್ಕಳಿದ್ದಾರೆ.

ಅಂಚಿಗೆ ತಳ್ಳಿದವರ ಜೊತೆ ನಿಂತೇ ಅಮೆರಿಕವನ್ನು ಅರಿಯಬೇಕೆಂಬುದನ್ನು ನಮ್ಮ ನಾಡಿನ ಹೆಣ್ಣುಮಗಳೊಬ್ಬರು ಪುಸ್ತಕವಿಲ್ಲದೆಯೇ ಅರಿತಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೩೯ರಿಂದ ೧೯೪೧ರವರೆಗೆ ಅಮೆರಿಕ ಸುತ್ತಿದರು. ದಕ್ಷಿಣದಲ್ಲಿ ರೈಲಿನಲ್ಲಿ ಹೋಗುವಾಗ ಬಿಳಿಯರ ಡಬ್ಬಿಯಲ್ಲಿ ಕೂತಿದ್ದ ಅವರನ್ನು ಟಿಕೆಟ್ ನೋಡುವವನು ಏಳಲು ಹೇಳಿದ. ಏಳಲಿಲ್ಲ. ಇವರು ಪರದೇಶದವರೆಂದು ಅನುಮಾನ ಬಂದು ಯಾವ ದೇಶವೆಂದು ಕೇಳಿದ. ಭಾರತದವಳು ಎಂದಷ್ಟೇ ಹೇಳಿ ಆ ನೆರಳಿನಲ್ಲಿ ಪಾರಾಗಬಹುದಿತ್ತು. ಅವರು ತಾನೂ ಬಣ್ಣದ ಹೆಂಗಸೇ, ಇಲ್ಲಿಂದ ಏಳುವುದಿಲ್ಲ ಎಂದು ಕೂತೇ ಇದ್ದರು. ಹಿಂದಿರುಗಿದ ಮೇಲೆ ೧೯೪೬ರಲ್ಲಿ ಅಮೆರಿಕದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅದೇ ೧೯೪೬ರಲ್ಲಿ ಅಂಬೇಡ್ಕರರು ಡು ಬಾಯ್ಸ್‌ಗೆ ಪತ್ರ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಕೊಟ್ಟಿದ್ದ ಮನವಿಯ ಪ್ರತಿ ಕೇಳಿದರು. ಅಮೆರಿಕವನ್ನು ಓದುವುದೆಂದರೆ ಅದನ್ನು ಹೊಗಳುವುದೋ ತೆಗಳುವುದೋ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಈ ಇಬ್ಬರ ನಡೆಯನ್ನು ಅವರಿಗೆ ಹೇಳುತ್ತಿದ್ದೆ.

ಆ ಸಂಶಯಕ್ಕೆ ಕಾರಣವಿಲ್ಲದೆ ಇರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಈ ಶಾಸ್ತ್ರವನ್ನು ಹೊರದೇಶಗಳಲ್ಲಿ ಹರಡಲು ಅಮೆರಿಕದ ಸರ್ಕಾರ ಉತ್ಸಾಹದಿಂದ ಹಣ ಕೊಟ್ಟಿತು. ಶೀತಲ ಸಮರದ ಲೆಕ್ಕಾಚಾರ ಅದರ ಹಿಂದಿತ್ತು. ೧೯೫೦ರಲ್ಲಿ ವಿದ್ವಾಂಸರ ವಿನಿಮಯದ ಫುಲ್‌ಬ್ರೈಟ್ ಒಪ್ಪಂದ ನಮ್ಮಲ್ಲಿಗೆ ಬಂತು. ಎ. ಕೆ. ರಾಮಾನುಜನ್ ೧೯೫೯ರಲ್ಲಿ ಆ ದಾರಿಯಿಂದಲೇ ಹೋಗಿ ಶಿಕಾಗೋದಲ್ಲಿ ನೆಲೆ ನಿಂತು ವಚನಗಳನ್ನು ಜಗತ್ತಿಗೆ ಕೇಳಿಸಿದರು. ೧೯೬೪ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್ ತೆರೆಯಿತು. ಅಮೆರಿಕದ ಹೊರಗೆ ಆ ವಿಷಯಕ್ಕಿದ್ದ ದೊಡ್ಡ ಪುಸ್ತಕ ಭಂಡಾರಗಳಲ್ಲಿ ಅದೊಂದು. ಎಳೆಯ ಅಧ್ಯಾಪಕನಾಗಿ ಒಂದು ಬೇಸಿಗೆ ರಜೆಯನ್ನು ನಾನು ಅಲ್ಲಿ ಕಳೆದೆ. ಹಾಥಾರ್ನ್ ಓದಲು ಹೋದವನು ಡು ಬಾಯ್ಸ್ ಓದಿ ಬಂದೆ. ಯಾರ ಹಣದಿಂದ ಬಂದ ಪುಸ್ತಕ ಎಂಬುದು ಮುಖ್ಯವೇ. ಆದರೆ ಕಪಾಟಿಗೆ ಬಂದು ಕೂತ ಪುಸ್ತಕ ತಂದವರ ಮಾತನ್ನೇ ಆಡಬೇಕೆಂದಿಲ್ಲ.

ನಮ್ಮ ಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಆ ದೇಶಕ್ಕೆ ಹೋಗುತ್ತಿದ್ದಾರೆ. ಅಲ್ಲಿ ಮನೆ ಕೊಳ್ಳುತ್ತಾರೆ, ಮಕ್ಕಳನ್ನು ಬೆಳೆಸುತ್ತಾರೆ. ತಾವು ಮನೆ ಕೊಂಡ ಬಡಾವಣೆಯಲ್ಲಿ ಒಂದು ಕಾಲಕ್ಕೆ ಯಾರಿಗೆ ಮನೆ ಮಾರುತ್ತಿರಲಿಲ್ಲ, ಊರಿನ ಹೊಳೆಗೆ ಆ ಹೆಸರು ಯಾವ ನುಡಿಯಿಂದ ಬಂತು ಎಂದು ಕೇಳಿದರೆ ಅವರಲ್ಲಿ ಎಷ್ಟು ಜನ ಹೇಳಿಯಾರು? ಗೊರೂರರು ‘ಅಮೆರಿಕದಲ್ಲಿ ಗೊರೂರು’ ಬರೆದಾಗ ಕನ್ನಡಿಗರು ಮನೆಮನೆಯಲ್ಲಿ ಓದಿದರು. ೧೯೮೦ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆ ಕುತೂಹಲ ನಮ್ಮಲ್ಲಿದೆ. ಅದಕ್ಕೆ ಓದಿನ ಬೆಂಬಲ ಬೇಕು. ಅಮೆರಿಕವನ್ನು ವೀಸಾದ ಸರತಿ ಸಾಲಿನಿಂದ ಮಾತ್ರ ನೋಡುವುದು ನನಗೆ ನೋವಿನ ಸಂಗತಿ.

ಅಲ್ಲದೆ ಆ ಅರಳೆ ನಮ್ಮ ಹೊಲಕ್ಕೂ ಬಂದಿದೆ. ೧೮೪೦ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿತು. ನ್ಯೂ ಆರ್ಲಿಯನ್ಸ್‌ನ ಬೀಜ ಧಾರವಾಡ ಜಿಲ್ಲೆಯ ಎರೆ ಹೊಲಗಳಲ್ಲಿ ಬೇರುಬಿಟ್ಟಿತು. ಪೇಟೆಯಲ್ಲಿ ಅದು ‘ಧಾರವಾಡ ಅಮೆರಿಕನ್’ ಎಂದು ಹೆಸರಾಯಿತು. ರೈತರು ತಮ್ಮ ಜವಾರಿ ಹತ್ತಿಯಿಂದ ಬೇರೆ ಮಾಡಿ ‘ವಿಲಾಯತಿ ಹತ್ತಿ’ ಎಂದರು. ಬೀಜದ ಹಿಂದೆ ಯಂತ್ರವೂ ಬರಬೇಕಾಯಿತು, ಏಕೆಂದರೆ ಇಲ್ಲಿಯ ಉರುಳೆಗಳಿಗೆ ಆ ಕಾಳು ಬಗ್ಗಲಿಲ್ಲ. ೧೮೬೧ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿ, ಅದುವರೆಗೆ ಇಂಗ್ಲೆಂಡಿನ ಗಿರಣಿಗಳಿಗೆ ಬಹುಪಾಲು ಹತ್ತಿ ಕೊಡುತ್ತಿದ್ದ ದಕ್ಷಿಣದ ಬಂದರುಗಳು ಮುಚ್ಚಿದವು. ಇಲ್ಲಿ ಧಾರಣೆ ಆಕಾಶಕ್ಕೇರಿತು. ೧೮೬೫ರಲ್ಲಿ ಯುದ್ಧ ಮುಗಿದಾಗ ಕುಸಿಯಿತು. ಮ್ಯಾಂಚೆಸ್ಟರ್, ಮಿಸಿಸಿಪಿ, ನವಲಗುಂದ ಒಂದೇ ತಕ್ಕಡಿಯಲ್ಲಿ ತೂಗಿದ ನಾಲ್ಕು ವರ್ಷ ಅವು.

ನಮ್ಮ ಓಣಿಯ ಆ ಹುಡುಗಿ ಕೊನೆಯ ವರ್ಷದ ಪ್ರಬಂಧಕ್ಕೆ ಆರಿಸಿಕೊಂಡಿರುವುದು ಇದನ್ನೇ. ಕಳೆದ ಡಿಸೆಂಬರ್ ರಜೆಯಲ್ಲಿ ಊರಿಗೆ ಬಂದಾಗ ನನ್ನನ್ನೂ ಕರೆದುಕೊಂಡು ಅಜ್ಜನ ಹೊಲಕ್ಕೆ ಹೋದಳು. ಈಗ ಅಲ್ಲಿರುವುದು ಬಿಟಿ ಹತ್ತಿ. ಅದೂ ಅಮೆರಿಕನ್ ಕುಲದ್ದೇ. ಒಡೆದ ಒಂದು ಕಾಯಿಂದ ಅಜ್ಜ ಹತ್ತಿ ಕಿತ್ತು, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ತಿಕ್ಕಿ ನೋಡಿದರು. ಅರಳೆ ಎಳೆದಷ್ಟೂ ಕಾಳು ಜೊತೆಗೇ ಬರುತ್ತಿತ್ತು.

“ನೋಡವಾ, ಇದು ಕಾಳು ಬಿಡೂದಿಲ್ಲ. ನಮ್ಮ ಜವಾರಿ ಹಿಂಗಿರಲಿಲ್ಲ.”

ಆಕೆ ಬದುವಿನ ಮೇಲೆ ಕೂತು ಅಜ್ಜ ಹೇಳಿದ್ದನ್ನು, ಅವರು ಹೇಳಿದ ಮಾತಿನಲ್ಲೇ, ಕನ್ನಡದಲ್ಲಿ ಬರೆದುಕೊಂಡಳು.